ದಿನಕ್ಕೊಂದು ಸುಳ್ಳು ಬಡಿಸುವ ಚಾಂದಿಬಾಯಿ

ಮುಂಡಗೋಡ ತಾಲೂಕಿನ ಇಂದೂರಿನಿಂದ ಆಚೆ, ಗೋವಿನಜೋಳದ ಹೊಲಗಳನ್ನು ದಾಟಿದರೆ ಸಿಗುವ ತಾಂಡಾದ ಶಾಲೆಯಲ್ಲಿ ಚಾಂದಿಬಾಯಿ ದಿನಾ ಮಧ್ಯಾಹ್ನ ನಲವತ್ತೊಂದು ಮಕ್ಕಳಿಗೆ ಅನ್ನ, ಸಾರು ಮತ್ತು ಒಂದು ಸುಳ್ಳನ್ನು ಬಡಿಸುತ್ತಾಳೆ. ಅನ್ನ ಸಾರು ಸರಕಾರದ್ದು. ಸುಳ್ಳು ಮಾತ್ರ ಆಕೆಯ ಸ್ವಂತದ್ದು, ಅದಕ್ಕೆ ಯಾವ ಸಾಹೇಬರ ಮಂಜೂರಿಯೂ ಇಲ್ಲ.

ವಯಸ್ಸು ಐವತ್ತಾರು. ಆಳು ಗಿಡ್ಡ, ದನಿ ದೊಡ್ಡದು. ಅಡುಗೆಮನೆಯ ಬಾಗಿಲಲ್ಲಿ ನಿಂತು ಊಟಕ್ಕೆ ಕರೆದಳೆಂದರೆ ಹೊಲದಲ್ಲಿದ್ದ ಎತ್ತುಗಳೂ ತಲೆ ಎತ್ತಿ ನೋಡುತ್ತವೆ. ಮನೆಯಲ್ಲಿ ಲಂಬಾಣಿ ಮಾತು, ಶಾಲೆಯಲ್ಲಿ ಕನ್ನಡ, ಸಿಟ್ಟು ಬಂದರೆ ಎರಡೂ ಕೂಡಿ. ಮೂರನೇ ಇಯತ್ತೆಯಲ್ಲಿದ್ದಾಗ ಅಪ್ಪ ಕಬ್ಬು ಕಡಿಯಲು ಜೊತೆಗೆ ಕರೆದುಕೊಂಡು ಹೋದ, ಅಲ್ಲಿಗೆ ಓದು ಮುಗಿಯಿತು. ಗಂಡ ತೀರಿಹೋಗಿ ಒಂಬತ್ತು ವರ್ಷ. ಮಗ ಗೋವಾದಲ್ಲಿ ಗೌಂಡಿ ಕೆಲಸ ಮಾಡುತ್ತಾನೆ. ಸೊಸೆ ತುಳಜಾ ಮನೆಯಲ್ಲೂ ಜೊತೆಗೆ, ಶಾಲೆಯ ಅಡುಗೆಯಲ್ಲೂ ಜೊತೆಗೆ. ಇಬ್ಬರೂ ದಿನವಿಡೀ ಜಗಳಾಡುತ್ತಾರೆ, ಒಬ್ಬರನ್ನು ಬಿಟ್ಟು ಒಬ್ಬರು ಚಹಾ ಕುಡಿಯುವುದಿಲ್ಲ. ಶಾಲೆಯ ಮಕ್ಕಳಿಗೆಲ್ಲ ಚಾಂದಿಬಾಯಿ ಎಂದರೆ ಆಯಿ.

ಈ ಸುಳ್ಳಿನ ಆಟ ಸುಮ್ಮನೆ ಹುಟ್ಟಿದ್ದಲ್ಲ. ಆಕೆಯ ತಮ್ಮ ಠಾಕಪ್ಪ ಊರೂರು ತಿರುಗಿ ಪುಗ್ಗಾ, ಅಂದರೆ ಬಲೂನು, ಮಾರುತ್ತಾನೆ. ಮಕ್ಕಳ ಕಳ್ಳರು ಬಂದಿದ್ದಾರೆ ಎಂಬ ಸುದ್ದಿ ಫೋನಿನಿಂದ ಫೋನಿಗೆ ಹಾರುತ್ತಿದ್ದ ವರ್ಷ ಅವನು ಎಲ್ಲೋ ದೂರದ ಒಂದು ಊರಿಗೆ ಹೋದ. ಪುಗ್ಗಾ ಎಂದಮೇಲೆ ಸುತ್ತ ಮಕ್ಕಳು ಸೇರದೆ ಇರುತ್ತಾರೆಯೇ? ಅಷ್ಟೇ ಸಾಕಾಯಿತು. ಹಿಡಿದು ಲೈಟಿನ ಕಂಬಕ್ಕೆ ಕಟ್ಟಿದರು, ನಾಲ್ಕು ಏಟೂ ಬಿದ್ದವು. ಪೊಲೀಸರು ಬಂದು ಬಿಡಿಸಿದ ಮೇಲೆ ಕಟ್ಟಿದವರೇ ನಾಚಿ ಚಹಾ ತಂದುಕೊಟ್ಟರಂತೆ. ಠಾಕಪ್ಪ ಮನೆಗೆ ಬಂದು ಹೇಳಿದ್ದು ಒಂದೇ ಮಾತು: ಚಹಾಕ್ಕೆ ಸಕ್ಕರೆ ಕಡಿಮೆ ಇತ್ತು. ತಾಂಡಾದವರೆಲ್ಲ ನಕ್ಕರು. ಚಾಂದಿಬಾಯಿಗೆ ಮಾತ್ರ ನಗು ಬರಲಿಲ್ಲ. ಕೇಳಿದ್ದನ್ನೆಲ್ಲ ನಂಬುವ ಮಂದಿ ಆಕಾಶದಿಂದ ಉದುರುವುದಿಲ್ಲ, ಎಲ್ಲೋ ಒಂದು ಶಾಲೆಯಲ್ಲಿ ಕೂತು ಅನ್ನ ಉಂಡೇ ದೊಡ್ಡವರಾಗಿರುತ್ತಾರೆ ಎಂದು ಆಕೆಗೆ ಅನಿಸಿತು. ನನ್ನ ಕೈಯ ಅನ್ನ ಉಂಡವರು ಹಾಗಾಗಬಾರದು ಎಂದು ಅಂದೇ ಗಟ್ಟಿ ಮಾಡಿಕೊಂಡಳು.

ಆಟ ಸರಳ. ಊಟ ಮುಗಿದು, ತಾಟು ತೊಳೆದಿಟ್ಟು ಮಕ್ಕಳು ಕಟ್ಟೆಯ ಮೇಲೆ ಕೂತರೆ ಆಯಿ ಮೂರು ಮಾತು ಹೇಳುತ್ತಾಳೆ. ಎರಡು ಖರೇ, ಒಂದು ಸುಳ್ಳು. ಸುಳ್ಳು ಯಾವುದೆಂದು ಹಿಡಿದರೆ ಸಾಲದು, ಹೇಗೆ ಗೊತ್ತಾಯಿತೆಂದು ತೋರಿಸಬೇಕು. ಅಪ್ಪ ಹೇಳಿದ ಎನ್ನುವುದು ನಡೆಯುವುದಿಲ್ಲ. ಎಲ್ಲರೂ ಅನ್ನುತ್ತಾರೆ ಎಂದರಂತೂ ಆಯಿಯ ಸೌಟು ಮೇಲೇಳುತ್ತದೆ. ಕಣ್ಣಾರೆ ಕಂಡಿರಬೇಕು, ಇಲ್ಲವೇ ಕೈಯಾರೆ ಮಾಡಿ ನೋಡಿರಬೇಕು. ಗೆದ್ದವರಿಗೆ ಪಾತ್ರೆಯ ತಳಕ್ಕೆ ಹತ್ತಿದ ಕೆಂಪು ಕೆಂಪು ಗರಿಗರಿ ಅನ್ನ, ಮೇಲೆ ಎರಡು ಹನಿ ಎಣ್ಣೆ, ಚಿಟಿಕೆ ಖಾರಪುಡಿ. ಅದರ ರುಚಿ ತಿಂದವರಿಗೇ ಗೊತ್ತು.

ಒಮ್ಮೆ ಆಯಿ ಹೇಳಿದ ಮೂರು ಮಾತಿನಲ್ಲಿ ಒಂದು, ಹುಣಸೆಬೀಜ ನುಂಗಿದರೆ ಹೊಟ್ಟೆಯಲ್ಲಿ ಗಿಡ ಹುಟ್ಟುತ್ತದೆ ಎಂಬುದು. ಎರಡನೇ ಇಯತ್ತೆಯ ಅಜಯ ಎದ್ದು ನಿಂತು ಸುಳ್ಳು ಎಂದ. ಹೇಗೆ ಗೊತ್ತು ಎಂದರೆ, ನಾಳೆ ಹೇಳುತ್ತೇನೆ ಎಂದು ಕೂತ. ಮರುದಿನ ಬಂದು, ನಿನ್ನೆ ಸಂಜೆ ಒಂದು ನುಂಗಿದ್ದೇನೆ, ಸ್ವಲ್ಪ ತಡೆಯಿರಿ ಎಂದ. ಎರಡು ದಿನ ಇಡೀ ಶಾಲೆ ಅವನ ಹೊಟ್ಟೆಯನ್ನೇ ಕಾಯ್ದು ಕೂತಿತು. ಮೂರನೇ ದಿನ ಮುಂಜಾನೆ ಪ್ರಾರ್ಥನೆಯ ಸಾಲಿನಲ್ಲೇ ಅವನು ಕೈ ಎತ್ತಿ, ಬೀಜ ಹೊರಗೆ ಬಂತು, ಇದ್ದಂಗೇ ಐತಿ ಎಂದು ವರದಿ ಒಪ್ಪಿಸಿದ. ತೋರಿಸಲು ತಂದಿದ್ದೇನೆ ಎಂದು ಚಡ್ಡಿ ಕಿಸೆಗೆ ಕೈಹಾಕಿದಾಗ ರುದ್ರೇಶ ಸರ್ ಓಡಿ ಬಂದು ತಡೆದರು.

ರುದ್ರೇಶ ಸರ್ ಹಳಿಯಾಳದವರು, ಶಾಲೆಯ ಇಬ್ಬರು ಶಿಕ್ಷಕರಲ್ಲಿ ಹಿರಿಯರು. ಮೊದಮೊದಲು ಅವರಿಗೆ ಈ ಆಟ ಹಿಡಿಸಿರಲಿಲ್ಲ. ಶಾಲೆಯಲ್ಲಿ ಸುಳ್ಳು ಕಲಿಸುವುದೇ ಎಂದು ಮುಖ ಗಂಟಿಕ್ಕಿದ್ದರು. ಆಮೇಲೆ ಒಂದು ದಿನ ತರಗತಿಯಲ್ಲಿ ಅವರು ಬಾವಲಿಯನ್ನು ಪಕ್ಷಿ ಎಂದಾಗ ನಾಲ್ಕನೇ ಇಯತ್ತೆಯ ಕಾಜಲ್ ಎದ್ದು, ಅದು ಮರಿಗೆ ಹಾಲು ಕುಡಿಸುವುದನ್ನು ತಾನು ನೋಡಿದ್ದೇನೆ, ಮೊಟ್ಟೆಯನ್ನಂತೂ ನೋಡಿಲ್ಲ ಎಂದಳು. ಸರ್ ಪುಸ್ತಕ ತೆಗೆದು ನೋಡಿ ತಲೆ ಕೆರೆದುಕೊಂಡರು. ಅಂದಿನಿಂದ ಊಟದ ನಂತರ ಅವರೂ ಒಂದು ಕುರ್ಚಿ ಹಾಕಿಕೊಂಡು ಕೂರುತ್ತಾರೆ, ನಾಲ್ಕು ಸಲಕ್ಕೆ ಒಮ್ಮೆ ಸೋಲುತ್ತಾರೆ.

ಆಟಕ್ಕೆ ಒಂದು ಕಟ್ಟುನಿಟ್ಟು ಇತ್ತು. ಆಟದ ಹೊರಗೆ ಆಯಿ ಸುಳ್ಳು ಹೇಳುವಂತಿಲ್ಲ. ಸಾರು ಸುಡುತ್ತದೆ ಎಂದರೆ ಸುಡುತ್ತದೆ, ಸಾರಿನಲ್ಲಿ ಹುಳ ಇಲ್ಲ ಎಂದರೆ ಇಲ್ಲ. ಮಕ್ಕಳು ಅದನ್ನು ಪೂರಾ ನಂಬಿದ್ದರು. ಸಂಬಳ ಸಾರ್ಥಕ ಅನಿಸುವುದು ಅದೊಂದರಿಂದಲೇ ಎಂದು ಚಾಂದಿಬಾಯಿ ತುಳಜಾಳ ಮುಂದೆ ಹೇಳಿಕೊಳ್ಳುತ್ತಿದ್ದಳು.

ಇಷ್ಟೆಲ್ಲ ಜಾಣತನ ಇದ್ದ ಹೆಂಗಸು ಒಂದು ವರ್ಷ ಮಾಡಿದ ಕೆಲಸ ಕೇಳಿ.

ಶಾಲೆಗೆ ಹೊಸ ಥರದ ಅಕ್ಕಿ ಬರತೊಡಗಿತ್ತು. ಸಾದಾ ಅಕ್ಕಿಯ ನಡುವೆ ಅಲ್ಲೊಂದು ಇಲ್ಲೊಂದು ಬೇರೆ ಕಾಳು: ತುಸು ಹಳದಿ, ತುಸು ದುಂಡಗೆ, ನೀರು ಹಾಕಿದರೆ ಕೆಲವು ಮೇಲೆ ತೇಲುತ್ತಿದ್ದವು. ಸತ್ವ ಸೇರಿಸಿದ ಅಕ್ಕಿ, ಹೆದರಬೇಡಿ ಎಂದು ರುದ್ರೇಶ ಸರ್ ಮೊದಲ ಚೀಲ ಬಂದ ದಿನವೇ ಹೇಳಿದ್ದರು. ಚಾಂದಿಬಾಯಿ ಹೂಂ ಎಂದಿದ್ದಳು. ಆದರೆ ಅದೇ ವಾರ ತುಳಜಾಳ ಫೋನಿಗೆ ಒಂದು ವಿಡಿಯೋ ಬಂತು. ಎಲ್ಲಿಯದೋ ಕಾರಖಾನೆ, ಯಂತ್ರದ ಬಾಯಿಂದ ಬಿಳಿ ಕಾಳು ಉದುರುತ್ತಿವೆ, ಪ್ಲಾಸ್ಟಿಕ್ ಅಕ್ಕಿ, ಮಕ್ಕಳ ಹೊಟ್ಟೆಗೆ ವಿಷ ಎಂದು ಒಬ್ಬ ಅರಚುತ್ತಿದ್ದಾನೆ. ಚಾಂದಿಬಾಯಿ ಅದನ್ನು ಮತ್ತೊಮ್ಮೆ ಹಾಕಿಸಿ ನೋಡಿದಳು. ನಲವತ್ತೊಂದು ಕೂಸುಗಳಿಗೆ ಉಣಿಸುವವಳು ತಾನು, ಏನಾದರೂ ಆದರೆ? ಯಾರಿಗೂ ಹೇಳಲಿಲ್ಲ, ಕೇಳಲಿಲ್ಲ. ದಿನಾ ಮುಂಜಾನೆ ಮಕ್ಕಳು ಬರುವ ಮೊದಲು ಅತ್ತೆ ಸೊಸೆ ಕೂತು, ತೇಲಿದ ಕಾಳನ್ನು ಬಳಿದು ತೆಗೆದು, ಉಳಿದವನ್ನು ಮೊರದಲ್ಲಿ ಕಣ್ಣಿಗೆ ಬಿದ್ದಷ್ಟು ಆರಿಸಿ, ಸಿಕ್ಕ ಒಂದು ಹಿಡಿ ಕಾಳನ್ನು ಮನೆಗೆ ಒಯ್ದು ಕೋಳಿಗಳ ಮುಂದೆ ಚೆಲ್ಲುತ್ತಿದ್ದರು. ಬೆನ್ನು ನೋಯುತ್ತಿತ್ತು, ಕಣ್ಣು ಉರಿಯುತ್ತಿದ್ದವು. ಆದರೂ ಮಕ್ಕಳನ್ನು ಕಾಯುತ್ತಿದ್ದೇನೆಂಬ ಹೆಮ್ಮೆ ಇತ್ತು.

ಶನಿವಾರ ಆಟ ತಿರುಗುಮುರುಗು. ಅಂದು ಮಕ್ಕಳು ಮೂರು ಮಾತು ಹೇಳುತ್ತಾರೆ, ಆಯಿ ಸುಳ್ಳನ್ನು ಹಿಡಿಯಬೇಕು. ಕಾಳು ಆರಿಸತೊಡಗಿ ವರ್ಷವಾಗಿದ್ದ ಒಂದು ಶನಿವಾರ ಕಾಜಲ್‌ಳ ಸರದಿ ಬಂತು. ತೆಳ್ಳನೆಯ, ಬಿಳಿಚಿದ ಮುಖದ ಹುಡುಗಿ. ಓಡುವ ಆಟದಲ್ಲಿ ಬೇಗ ದಣಿದು ಕೂರುತ್ತಾಳೆ, ಆದರೆ ಮಾತಿನಲ್ಲಿ ಯಾರಿಗೂ ದಣಿಯುವವಳಲ್ಲ. ಎದ್ದು ನಿಂತು ಹೇಳಿದಳು:

"ನಮ್ಮ ಆಡು ಮೂರು ಮರಿ ಹಾಕೈತಿ. ರುದ್ರೇಶ ಸರ್‌ಗೆ ಸೈಕಲ್ ಹೊಡಿಯಾಕ ಬರಂಗಿಲ್ಲ. ಆಯಿ ದಿನಾ ನಮ್ಮ ಅಕ್ಕಿಯೊಳಗಿನ ಪ್ಲಾಸ್ಟಿಕ್ ಆರಿಸಿ ತೆಗೀತಾಳ."

ಸೈಕಲ್ಲಿನ ಮಾತಿಗೆ ಎದ್ದ ನಗು ಮೂರನೇ ಮಾತಿಗೆ ನಿಂತುಹೋಯಿತು. ಹುಡುಗಿ ಹಿಂದಿನ ದಿನ ಬೇಗ ಬಂದು ನೀರು ಕುಡಿಯಲು ಹೋದಾಗ ಬಾಗಿಲಲ್ಲಿ ನಿಂತು ನೋಡಿದ್ದಳು. ಇವತ್ತು ಪ್ಲಾಸ್ಟಿಕ್ ಬಾಳ ಐತಿ ಎಂದು ತುಳಜಾ ಅಂದದ್ದೂ ಕೇಳಿಸಿತ್ತು. ಚಾಂದಿಬಾಯಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು. ಮೂರನೆಯದು ಸುಳ್ಳು ಎಂದುಬಿಟ್ಟರೆ ಸಾಕು, ಎಲ್ಲರೂ ನಕ್ಕು ಮನೆಗೆ ಹೋಗುತ್ತಾರೆ. ಆದರೆ ಅದು ಆಟದ ಸುಳ್ಳಾಗುವುದಿಲ್ಲ, ಖರೇ ಸುಳ್ಳಾಗುತ್ತದೆ.  ಆಡಿನ ಮಾತು ಸುಳ್ಳು, ಎರಡೇ ಮರಿ ಹಾಕಿದೆ ಎಂದಳು. ಅಂದರೆ ಮೂರನೆಯದು ಖರೇ ಎಂದು ಎಲ್ಲರಿಗೂ ತಿಳಿಯಿತು.

ಕಾಜಲ್ ಬಿಡಲಿಲ್ಲ. "ಅದು ಪ್ಲಾಸ್ಟಿಕ್ ಅಂತ ನೀ ಕಂಡೀಯೇನ ಆಯಿ?"

"ವಿಡಿಯೋದಾಗ ಕಂಡೇನವ್ವ."

"ವಿಡಿಯೋದಾಗ ಕಂಡಿದ್ದು ಕಂಡಂಗನ?"

ಅಷ್ಟರಲ್ಲಿ ಗಂಟೆ ಹೊಡೆಯಿತು, ಮಕ್ಕಳು ಓಡಿದರು. ಪ್ಲಾಸ್ಟಿಕ್ ಎಂಬ ಮಾತು ಅವರ ಜೊತೆ ನಲವತ್ತೊಂದು ಮನೆ ಸೇರಿತು. ಕಾಜಲ್‌ಳ ಪ್ರಶ್ನೆಯನ್ನು ಮಾತ್ರ ಯಾರೂ ಮನೆಗೆ ಒಯ್ಯಲಿಲ್ಲ.

ಭಾನುವಾರ ನಳದ ಕಟ್ಟೆಯ ಮೇಲೆ ಬೇರೆ ಮಾತೇ ಇಲ್ಲ. ಶಾಲಾ ಸಮಿತಿಯ ಅಧ್ಯಕ್ಷ ಅನಿಲ ಮನೆಯ ತನಕ ಬಂದು, ಸೋಮವಾರದಿಂದ ಮಕ್ಕಳು ಶಾಲೆಯಲ್ಲಿ ಉಣ್ಣುವುದಿಲ್ಲ, ಅಕ್ಕಿಯೂ ಬದಲಾಗಬೇಕು, ಗೊತ್ತಿದ್ದೂ ಬಾಯಿ ಬಿಡದ ಅಡುಗೆಯವಳೂ ಬದಲಾಗಬೇಕು, ಮುಂಡಗೋಡದ ಕಚೇರಿಗೆ ಅರ್ಜಿ ಬರೆಯುತ್ತೇನೆ ಎಂದು ಹೇಳಿ ಹೋದ. ಅವನು ಬಾಯಿಗೆ ಬಂದಂತೆ ಬೈದಿದ್ದರೆ ಚಾಂದಿಬಾಯಿಯೂ ಬೈದು ಹಗುರಾಗುತ್ತಿದ್ದಳು. ಅವನು ತಣ್ಣಗೆ ಮಾತಾಡಿದ್ದೇ ಕಷ್ಟವಾಯಿತು. ಕೆಲಸ ಹೋದರೆ ಹೋಗಲಿ ಎಂದುಕೊಂಡಳು. ಆದರೆ ಉಣ್ಣದೆ ಕೂರುವ ಮಕ್ಕಳ ನೆನಪಾಗಿ, ಇನ್ನು ಮೇಲೆ ತಾನು ಖರೇ ಎಂದರೂ ಅವು ನಂಬುವುದಿಲ್ಲವೆಂಬುದು ಹೊಳೆದು, ತಮ್ಮನ ಮುಂದೆ ಹೋಗಿ ಎಲ್ಲ ಹೇಳಿಕೊಂಡಳು.

ಠಾಕಪ್ಪ ಜಗಲಿಯ ಮೇಲೆ ಕೂತು ಪುಗ್ಗಾ ಎಣಿಸುತ್ತಿದ್ದ. ಎಲ್ಲ ಕೇಳುತ್ತ ಎಣಿಕೆ ಮುಗಿಸಿದ. ಆಮೇಲೆ ತಲೆ ಎತ್ತದೆ ಹೇಳಿದ:

"ಅಕ್ಕಾ, ನನ್ನ ಕಂಬಕ್ಕ ಕಟ್ಟಿದವ್ರೂ ಕೆಟ್ಟ ಮಂದಿ ಅಲ್ಲ. ತಮ್ಮ ಮಕ್ಕಳ ಮ್ಯಾಲಿನ ಪ್ರೀತಿಗೇ ಕಟ್ಟಿದ್ರು."

ಅವನು ಬೈಯಲು ಹೇಳಿದ್ದಲ್ಲ, ಸಮಾಧಾನಕ್ಕೆಂದೇ ಹೇಳಿದ್ದು. ಚಾಂದಿಬಾಯಿಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು. ಇಷ್ಟು ವರ್ಷ ಆ ಊರಿನವರನ್ನು ಬೈದದ್ದೇ ಬೈದದ್ದು, ತಾನು ಮಾಡಿದ್ದೇನು? ಹಿತ್ತಲಿಗೆ ಹೋಗಿ ನಿಂತಳು. ಕೋಳಿಗಳು ಕಾಲಿಗೆ ಸುತ್ತಿಕೊಂಡವು. ವರ್ಷವಿಡೀ ಆ ಕಾಳು ತಿಂದ ಕೋಳಿಗಳು! ಕೆಂಪು ತುರಾಯಿ, ಮಿರಿಮಿರಿ ಮಿಂಚುವ ಪುಕ್ಕ. ನಿನ್ನ ಕೋಳಿಗೆ ಏನು ಹಾಕುತ್ತೀ ಎಂದು ತಾಂಡಾದ ಹೆಂಗಸರು ಕೇಳುವುದಿತ್ತು. ಕಣ್ಣ ಮುಂದೆ ದಿನಾ ಓಡಾಡಿದ್ದನ್ನು ನೋಡದೆ, ಯಾವನೋ ಅರಚಿದ್ದನ್ನು ನೋಡಿದೆನಲ್ಲ ಎಂದು ತಲೆ ಚಚ್ಚಿಕೊಂಡಳು. ಮರುಕ್ಷಣವೇ ಒಳಗಿನ ಆಟಗಾರ್ತಿ ಎಚ್ಚರಾದಳು: ಕೋಳಿ ಬದುಕಿವೆ ಅಂದಮಾತ್ರಕ್ಕೆ ಕಾಳು ಅಕ್ಕಿಯೇ ಎಂದು ಹೇಳುವುದೂ ಗಡಿಬಿಡಿಯೇ. ಮಾಡಿಯೇ ನೋಡಬೇಕು.

ಸೋಮವಾರ ಮಕ್ಕಳು ಡಬ್ಬಿಯಲ್ಲಿ ರೊಟ್ಟಿ ತಂದಿದ್ದರು. ಹನ್ನೊಂದು ಮಕ್ಕಳು ಏನೂ ತಂದಿರಲಿಲ್ಲ. ಚಾಂದಿಬಾಯಿ ಮಾತ್ರ ಎಂದಿನಂತೆ ಅನ್ನ ಸಾರು ಮಾಡಿಟ್ಟಿದ್ದಳು. ತಾಯಂದಿರು, ಅನಿಲ ಎಲ್ಲರೂ ಶಾಲೆಯ ಅಂಗಳದಲ್ಲಿ. ರುದ್ರೇಶ ಸರ್ ಚೀಲದ ಮೇಲಿನ ಅಕ್ಷರ ಓದಿ ಹೇಳಿದರು. ಯಾರೋ ಅಚ್ಚು ಹಾಕಿದ್ದನ್ನು ಹೇಗೆ ನಂಬುವುದು ಎಂದು ಅನಿಲ ಕೇಳಿದ. ಕೇಳಿದ್ದು ಸರಿಯೇ ಇತ್ತು. ಚಾಂದಿಬಾಯಿ ಅಂದು ಮುಂಜಾನೆ ಆರಿಸಿದ ಕಾಳನ್ನು ಬಟ್ಟಲಲ್ಲಿ ತಂದು ಕಟ್ಟೆಯ ಮೇಲಿಟ್ಟು, ಮಕ್ಕಳ ಎದುರು ನಿಂತಳು. 

"ಇದು ಪ್ಲಾಸ್ಟಿಕ್ ಅಂತ ನಾ ನಂಬಿದ್ದೆ. ಕಂಡಿರಲಿಲ್ಲ, ಮಾಡಿ ನೋಡಿರಲಿಲ್ಲ. ಅದು ನನ್ನ ತಪ್ಪು. ಇದು ಖರೇನೋ ಸುಳ್ಳೋ ಇವತ್ತ ನನಗೂ ಗೊತ್ತಿಲ್ಲ. ನೀವ ಹಿಡೀರಿ."

ಮಕ್ಕಳಿಗೆ ಅಷ್ಟು ಸಾಕಿತ್ತು. ಹಬ್ಬ ಬಂದಂತೆ ಎದ್ದರು. ಮುರಿದ ಬಕೆಟ್ಟಿನ ಒಂದು ಚೂರು ಬಂತು, ಎರಡು ಸಣ್ಣ ಪಾತ್ರೆ ಒಲೆಯ ಮೇಲೆ ಕೂತವು. ಒಂದರಲ್ಲಿ ಕಾಳು, ಒಂದರಲ್ಲಿ ಬಕೆಟ್ಟಿನ ಚೂರು. ಇಪ್ಪತ್ತು ನಿಮಿಷ ಕುದಿಸಿ ತೆಗೆದರೆ ಕಾಳು ಬೆರಳಲ್ಲಿ ಮೆತ್ತಗೆ ನುರಿಯಿತು, ಬಕೆಟ್ಟು ಬಕೆಟ್ಟಾಗಿಯೇ ಇತ್ತು. ಆಮೇಲೆ ಹೆಂಚು. ಕಾಳು ಕಪ್ಪಾಗಿ ಸೀದ ಅನ್ನದ ವಾಸನೆ ಬಂತು. ಬಕೆಟ್ಟಿನ ಚೂರು ಕರಗಿ ಕೆಟ್ಟ ನಾತ ಎದ್ದಾಗ ತಾಯಂದಿರು ಸೆರಗಿನಿಂದ ಮೂಗು ಮುಚ್ಚಿಕೊಂಡರು, ರುದ್ರೇಶ ಸರ್ ಎಲ್ಲರನ್ನೂ ಹೊರಗೆ ಅಟ್ಟಿದರು. ಅನಿಲ ಇನ್ನೂ ಒಪ್ಪಲಿಲ್ಲ. ಒಂದಿಷ್ಟು ಕಾಳು ನೀರಿಗೆ ಹಾಕಿ, ತೇಲುತ್ತವಲ್ಲ, ಇದಕ್ಕೇನು ಹೇಳುತ್ತೀರಿ ಎಂದ.

ಕಾಜಲ್ ಕೂತಲ್ಲಿಂದಲೇ ಕೇಳಿದಳು: "ಚುರುಮರಿನೂ ತೇಲತಾವ ಕಾಕಾ. ಚುರುಮರಿ ಪ್ಲಾಸ್ಟಿಕ್ಕೇನ?"

ಅನಿಲ ತಾನೇ ನಕ್ಕುಬಿಟ್ಟ. ಅವನು ನಕ್ಕಿದ್ದು ನೋಡಿ ಅಂಗಳವೆಲ್ಲ ನಕ್ಕಿತು. ಅಷ್ಟರಲ್ಲಿ ಬಟ್ಟಲಿನಲ್ಲಿದ್ದ ಹಸಿ ಕಾಳು ಅರ್ಧ ಖಾಲಿಯಾಗಿದ್ದು ತುಳಜಾಳಿಗೆ ಕಂಡಿತು. ಅಜಯ ಗಲ್ಲ ಉಬ್ಬಿಸಿಕೊಂಡು ನಿಂತಿದ್ದ. ಅವನದು ಅವನದೇ ಪದ್ಧತಿ, ಎರಡು ದಿನ ಕಾಯಬೇಕು.

ಹಾಗಾದರೆ ಆ ಕಾಳು ಏನು ಎಂದು ತಾಯಂದಿರು ಕೇಳಿದರು. ರುದ್ರೇಶ ಸರ್ ವರ್ಷದ ಹಿಂದೆ ಒಂದೇ ಮಾತಿನಲ್ಲಿ ಮುಗಿಸಿದ್ದನ್ನು ಈಗ ಬಿಡಿಸಿ ಹೇಳಿದರು. ಅಕ್ಕಿಹಿಟ್ಟಿಗೆ ಕಬ್ಬಿಣದ ಸತ್ವ ಕೂಡಿಸಿ ಕಾಳಿನ ಆಕಾರ ಕೊಟ್ಟು ಅಕ್ಕಿಯಲ್ಲಿ ಬೆರೆಸುತ್ತಾರೆ. ಮೈಯಲ್ಲಿ ರಕ್ತ ಕಡಿಮೆ ಇರುವ ಮಕ್ಕಳಿಗೆ ಬೇಕು. ಅಂದೇ ಸರಿಯಾಗಿ ಹೇಳಬೇಕಿತ್ತು, ತಮ್ಮದೂ ತಪ್ಪು ಎಂದರು. ಹೋದ ತಿಂಗಳ ತಪಾಸಣೆಯಲ್ಲಿ ಆರು ಮಕ್ಕಳಿಗೆ ರಕ್ತ ಕಡಿಮೆ ಇದೆಯೆಂದು ಬಂದಿತ್ತು ಎಂದೂ ಸೇರಿಸಿದರು. ಕಾಜಲ್‌ಳ ತಾಯಿ ಸ್ವಪ್ನಾ ಒಮ್ಮೆಲೇ ತಿರುಗಿದಳು. ಆ ಆರರಲ್ಲಿ ಕಾಜಲ್ ಒಬ್ಬಳು.

"ಕಾಕಿ, ನನ್ನ ಮಗಳಿಗೆ ಬಂದಿದ್ದನ್ನ ಒಂದು ವರ್ಷ ಕೋಳಿಗೆ ಹಾಕಿದಿ."

ಸ್ವಪ್ನಾ ಕೂಗಲಿಲ್ಲ.  ಸರ್ ನಡುವೆ ಬಂದು, ಇದೊಂದರಿಂದಲೇ ಹಾಗಾಯಿತು ಎನ್ನಲಾಗುವುದಿಲ್ಲ, ಗುಳಿಗೆ ಕೊಡುತ್ತಿದ್ದಾರೆ, ಸುಧಾರಿಸುತ್ತಾಳೆ ಎಂದರು. ಚಾಂದಿಬಾಯಿಗೆ ಅದು ಕೇಳಿಸಿತೋ ಇಲ್ಲವೋ. ದಣಿದು ಕೂರುವ ಆ ಹುಡುಗಿಯನ್ನು ದಿನಾ ಕಂಡು, ತಾಟಿಗೆ ಒಂದು ಸೌಟು ಹೆಚ್ಚೇ ಬಡಿಸಿದ್ದಳು. ಬಡಿಸುವ ಮೊದಲು ಅದರೊಳಗಿನ ಜೀವವನ್ನೇ ತೆಗೆದು. ದುಃಖ ತಡೆಯಲಾಗಲಿಲ್ಲ. ಎಲ್ಲರ ಎದುರಿಗೇ ಸ್ವಪ್ನಾಳ ಎರಡೂ ಕೈ ಹಿಡಿದುಕೊಂಡು ತಪ್ಪಾಯಿತು ಎಂದು ಅತ್ತಳು. ಸ್ವಪ್ನಾ ಕೈ ಬಿಡಿಸಿಕೊಳ್ಳಲಿಲ್ಲ. ಅನ್ನ ಆರುತ್ತದೆ, ಬಡಿಸು ಕಾಕಿ ಎಂದಳು. ಅಂದು ತಾಯಂದಿರೂ ಮಕ್ಕಳ ಸಾಲಿನಲ್ಲೇ ಕೂತು ಉಂಡರು, ಅನಿಲ ಎರಡು ಸಲ ಸಾರು ಹಾಕಿಸಿಕೊಂಡ. ಅರ್ಜಿಯ ಮಾತು ಮತ್ತೆ ಬರಲಿಲ್ಲ.

ಆದರೂ ಮನೆಗೆ ಹೋಗುವಾಗ ಚಾಂದಿಬಾಯಿಯ ಮನಸ್ಸು ತಿಳಿಯಾಗಿರಲಿಲ್ಲ. ದೊಡ್ಡವರು ಮರೆಯುತ್ತಾರೆ, ಮಕ್ಕಳು? ಅವುಗಳ ಪಾಲಿಗೆ ಆಯಿಯ ಖರೇ ಇನ್ನು ಖರೇಯೇ?

ಮಂಗಳವಾರ ಮುಂಜಾನೆ ಒಂಬತ್ತಕ್ಕೆ ಅಕ್ಕಿ ಅಳೆದು ಮೊರಕ್ಕೆ ಹಾಕಿದ್ದಳು. ಬಾಗಿಲಿಗೆ ನೆರಳು ಬಿತ್ತು. ಕಾಜಲ್. ನೀರು ಬೇಕೇನವ್ವ ಎಂದು ಚಾಂದಿಬಾಯಿ ಕೇಳಿದಳು. ನೀರು ಬೇಡ, ಕಾಳು ಆರಿಸದೆ ಅಕ್ಕಿ ಪಾತ್ರೆಗೆ ಹೋಗುವುದನ್ನು ನೋಡಲು ಬಂದಿದ್ದೇನೆ ಎಂದಳು ಹುಡುಗಿ.  ಹೆದರಿದ್ದೇ ಆಯಿತು ಎಂದು ಚಾಂದಿಬಾಯಿಗೆ ಅನಿಸಿತು.

"ನನ್ನ ಮ್ಯಾಲಿನ ನಂಬಿಕಿ ಹೋತೇನವ್ವ?"

ಕಾಜಲ್‌ಗೆ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ನಂಬಿಕಿ ಐತಿ ಆಯಿ. ಆದ್ರೂ ನೋಡತೇನಿ."

ಚಾಂದಿಬಾಯಿಗೆ ನಗುವೂ ಬಂತು, ಅಳುವೂ ಬಂತು, ಎರಡನ್ನೂ ತಡೆಯಲಿಲ್ಲ. ಇಷ್ಟು ವರ್ಷ ದಿನಕ್ಕೊಂದು ಸುಳ್ಳು ಹೇಳಿದ್ದು ಈ ಒಂದು ಮಾತು ಕೇಳುವುದಕ್ಕೇ ಅಲ್ಲವೇ? ಮೊರವನ್ನು ಈಚೆ ಎಳೆದುಕೊಂಡು, ಪಕ್ಕಕ್ಕೆ ಸರಿದು, ಹುಡುಗಿಗೆ ಕೂರಲು ಜಾಗ ಮಾಡಿಕೊಟ್ಟಳು.